ಬೀಜಕ್ಕೆ ಇಟ್ಟ ಬ್ರೌಸರ್

ನನ್ನ ಕೆಲಸ ಏನೆಂದು ಕೇಳಿದವರಿಗೆ ಏಡಿ ತೂತು ಮುಚ್ಚುವುದು ಎಂದುಬಿಡುತ್ತೇನೆ. ಗದ್ದೆ ಬದುವಿನಲ್ಲಿ ಏಡಿ ಕೊರೆದದ್ದು ಕಣ್ಣಿಗೆ ಬೀಳದೆ ಹೋದರೆ ಬೆಳಗಾಗುವುದರೊಳಗೆ ನೀರೆಲ್ಲ ಪಕ್ಕದವನ ಗದ್ದೆಯಲ್ಲಿರುತ್ತದೆ. ಇಂಟರ್‌ನೆಟ್ ನೋಡುವ ಬ್ರೌಸರಿಗೂ ಅಂಥ ತೂತುಗಳು ಬೀಳುತ್ತವೆ. ನಾವು ನೋಡಿಕೊಳ್ಳುವ ಬ್ರೌಸರಿನ ಕೋಡ್ ಬಚ್ಚಿಟ್ಟದ್ದಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಹಾಗೆ ಬಂದದ್ದನ್ನು ಸಾಲು ಸಾಲಾಗಿ ಓದಿ, ಸೇರಿಸಬಹುದೋ ಬೇಡವೋ ಎಂದು ಹೇಳುವವರಲ್ಲಿ ನಾನೊಬ್ಬಳು. ಶಿಕಾರಿಪುರದ ನಮ್ಮ ಮನೆಯಲ್ಲಿ ಹಾಲು ಕಾಯಿಸಿ, ಸಾರಿಗೆ ಬೇಳೆ ಇಟ್ಟು, ಆಮೇಲೆ ಕೂರುತ್ತೇನೆ. ಅಕ್ಕಿ ಆರಿಸುವಷ್ಟೇ ನಿಧಾನದ ಕೆಲಸ.

ಈಚೆಗೆ ಒಂದು ಕೆಟ್ಟ ತೂತು ಸಿಕ್ಕಿತು. ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡನ್ನು ಯಾವುದೋ ಬೇರೆ ಪುಟ ಸದ್ದಿಲ್ಲದೆ ಎತ್ತಿಕೊಳ್ಳಬಹುದಿತ್ತು. ವಾರಗಟ್ಟಲೆ ಕೂತು ಮುಚ್ಚಿದೆವು, ಹೊಸ ಆವೃತ್ತಿ ಹೊರಟಿತು. ಆದರೆ ಕೋಡ್ ಎಲ್ಲರಿಗೂ ಕಾಣುವಂಥದ್ದು. ನಾವು ಎಲ್ಲಿ ಮಣ್ಣು ಮೆತ್ತಿದೆವೆಂಬುದು ಕಳ್ಳನಿಗೂ ಕಾಣುತ್ತದೆ. ಹೊಸದನ್ನು ಹಾಕಿಕೊಂಡವನು ಬಚಾವು. ಹಾಕಿಕೊಳ್ಳದವನ ಮನೆಗೆ ನಾವೇ ದಾರಿ ತೋರಿಸಿದ ಹಾಗಾಗುತ್ತದೆ.

ಅದಾದ ಮೇಲೆ ಒಂದು ದಿನ ಉಳವಿಯ ನಮ್ಮ ಅತ್ತಿಗೆಯ ಜೊತೆ ಸೊರಬಕ್ಕೆ ಹೋಗಿದ್ದೆ. ಅಣ್ಣನ ಹೆಂಡತಿ ಅವಳು. ಮನೆಯ ಹಣಕಾಸೆಲ್ಲ ಅವಳ ಖಾತೆಯಲ್ಲೇ. ಪಹಣಿ ತೆಗೆಸುವುದು, ಬ್ಯಾಂಕಿನ ವ್ಯವಹಾರ, ಎಲ್ಲಕ್ಕೂ ಅಲ್ಲೊಂದು ಕಂಪ್ಯೂಟರ್ ಸೆಂಟರಿಗೆ ಹೋಗುತ್ತಾಳೆ. ಅಂಗಡಿಯವನು ಪರದೆ ಈ ಕಡೆ ತಿರುಗಿಸಿದ. ನಮ್ಮದೇ ಬ್ರೌಸರ್. ಆದರೆ ನಾವು ಎಂದೋ ಕೈಬಿಟ್ಟ ಮುಖ.

"ಇದು ಹಳೇದಲ್ವೇನ್ರೀ?"

"ಹಳೇದೇ ಮೇಡಂ," ಅಂದ, ಮಗನಿಗೆ ರ‍್ಯಾಂಕ್ ಬಂದವನ ಹಾಗೆ. "ಹೊಸದ್ರಲ್ಲಿ ಹೆಬ್ಬೆಟ್ಟಿನ ಮಷಿನ್ ನಡಿಯಲ್ಲ. ಇದು ಗಟ್ಟಿ ತಳಿ. ಶಿಕಾರಿಪುರದ ದೋಸ್ತ್ ಪೆನ್‌ಡ್ರೈವಲ್ಲಿ ಕೊಟ್ಟಿದ್ದು. ಆನವಟ್ಟಿಯವನಿಗೆ ನಾನೇ ಕೊಟ್ಟೆ. ಅಪ್‌ಡೇಟ್ ಬಂದ್ರೆ ಬಾಗಿಲಲ್ಲೇ ತಡೀತೀನಿ."

ನಮ್ಮ ಕಡೆ ಒಳ್ಳೆಯ ಭತ್ತವನ್ನು ಬೀಜಕ್ಕೆಂದು ತೆಗೆದಿಟ್ಟು ನೆಂಟರಿಷ್ಟರಿಗೆ ಕೊಡುತ್ತಾರೆ. ಒಳ್ಳೆಯ ರೂಢಿಯೇ. ಆದರೆ ಹುಳ ಬಿದ್ದ ಭತ್ತವನ್ನು ಎಂಥ ಪೆದ್ದನೂ ಕೋಳಿಗೆ ಚೆಲ್ಲುತ್ತಾನೆ. ಈ ಮಹಾಶಯ ಅದನ್ನೇ ಊರೂರಿಗೆ ಹಂಚಿ, ಉಪಕಾರ ಮಾಡಿದೆನೆಂದು ಬೀಗುತ್ತಿದ್ದ. ಮಷಿನ್ ಮಾರಿದವನ ಬುದ್ಧಿಯಂತೂ ಕೇಳಲೇಬೇಡಿ: ತನ್ನ ಸಾಮಾನು ಸರಿ ಮಾಡುವ ಬದಲು ನಮ್ಮ ಬ್ರೌಸರನ್ನು ಬೈದು ಹೋದವನು, ಈಗ ಫೋನೇ ಎತ್ತುವುದಿಲ್ಲವಂತೆ.

ಅಂಗಡಿಯವನು ಅತ್ತಿಗೆಯ ಬ್ಯಾಂಕಿನ ಪುಟ ತೆರೆದ. ಪಾಸ್‌ವರ್ಡಿನ ಜಾಗದಲ್ಲಿ ಚುಕ್ಕಿಗಳು ತಾವಾಗೇ ಬಂದು ಕೂತವು.

"ನೋಡ್ರಿ, ಅಮ್ಮಾರು ಬಾಯಿ ಬಿಡೋದೇ ಬೇಡ. ಎಲ್ಲಾ ಇದ್ರಲ್ಲೇ ಐತೆ."

ಆ ಚುಕ್ಕಿಗಳನ್ನು ಎತ್ತಿಕೊಳ್ಳುವ ದಾರಿ ಇದರಲ್ಲಿ ತೆರೆದೇ ಇದೆ, ಹೊಸದರಲ್ಲಿ ಅದನ್ನು ಮುಚ್ಚಿದವರಲ್ಲಿ ನಾನೂ ಒಬ್ಬಳು ಎಂದು ಬಿಡಿಸಿ ಹೇಳಿದೆ.

"ಸೊರಬಕ್ಕೆ ಕಳ್ಳ ಎಲ್ಲಿಂದ ಬರ್ತಾನ್ರೀ? ಉಳವಿ ಬಸ್ಸಲ್ಲಾ?"

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಒಬ್ಬರು, "ಮೇಡಮ್ಮಾರೇ, ಭಾಷಣ ಆಮೇಲೆ ಇಟ್ಕೊಳ್ರಿ, ಮೊದಲು ನಮ್ಮ ಪಹಣಿ ಆಗ್ಲಿ," ಅಂದರು. ಅವರವರ ಪಾಸ್‌ವರ್ಡೂ ಅದೇ ಡಬ್ಬದಲ್ಲಿ ಕೂತಿತ್ತು. ನಗುವವರಿಗೆ ಅದರ ಪರಿವೆಯೇ ಇಲ್ಲ. ಕುರಿ ಕಟುಕನನ್ನೇ ನಂಬುವುದು ಅಂದರೆ ಇದೇ.

ಅತ್ತಿಗೆಯದನ್ನು ಅಳಿಸಲೇಬೇಕೆಂದು ಪಟ್ಟು ಹಿಡಿದೆ. "ಹೋಗ್ಲಿ ಬಿಡ್ರಿ, ನಿಮ್ಮ ಸಮಾಧಾನಕ್ಕೆ," ಅಂತ ಅಳಿಸಿದ. ಆದರೆ ಅದಾಗಲೇ ಯಾರಾದರೂ ಎತ್ತಿಕೊಂಡಿದ್ದರೆ? ಪಾಸ್‌ವರ್ಡನ್ನೇ ಬದಲಿಸಬೇಕಿತ್ತು, ಅದೂ ಆ ಡಬ್ಬದಲ್ಲಲ್ಲ. ಅತ್ತಿಗೆಯನ್ನು ಸೀದಾ ಶಿಕಾರಿಪುರದ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಅವಳದೊಂದೇ ರಾಗ: "ಅವನು ಪಾಪ ಒಳ್ಳೇನು. ಎಷ್ಟು ಸಲ ಕೇಳಿದ್ರೂ ರೇಗಲ್ಲ. ನೀನು ಎರಡನೇ ಸಲಕ್ಕೇ ಮುಖ ಗಂಟು ಹಾಕ್ತೀಯ."

ಮನೆಗೆ ಬಂದವಳೇ ನನ್ನ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟ ತೆರೆದೆ. ಅತ್ತಿಗೆಯ ಮೊಬೈಲಿಗೆ ಬಂದ ಓಟಿಪಿ ಹಾಕಿದೆ.

"ಹೊಸದನ್ನ ನಾನೇ ಹಾಕಿ, ನನ್ನ ಹತ್ರ ಇಟ್ಕೊಂಡಿರ್ತೀನಿ. ನಿಮಗೆ ಇದೆಲ್ಲ ತಿಳಿಯಲ್ಲ ಅತ್ತಿಗೆ."

"ಅವನೂ ಹಿಂಗೇ ಅಂದಿದ್ದ," ಅಂದಳು.

ನಾನು ಕುರ್ಚಿ ಬಿಟ್ಟುಕೊಟ್ಟೆ. ಅವಳು ಸೆರಗಿಗೆ ಬೆರಳು ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಮೂರನೆಯದಕ್ಕೆ ತಲೆ ಎತ್ತಿದಳು.

"ಏನ್ ನೋಡ್ತಾ ನಿಂತೀಯ ಮಾರಾಯ್ತಿ? ಆ ಕಡೆ ತಿರುಗು."

ಗೋಡೆ ಕಡೆ ತಿರುಗಿದೆ. ಆ ದಿನವೆಲ್ಲ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ.