ಕಸದ ಮೂಲ
ಕೆರೆಯ ತೂಬು ತೆಗೆದು ಮುಚ್ಚುವ ಕೆಲಸ ಕೈತಪ್ಪಿ ವರ್ಷಗಳಾದರೂ ನೀರಗಂಟಿ ಎಂಬ ಹೆಸರು ಬಿಡದ ಕ್ಯಾತಪ್ಪನನ್ನು ಯಾವ ಭಾನುವಾರವಾದರೂ ನಮ್ಮೂರ ಕೆರೆಯಂಗಳದಲ್ಲಿ ಕಾಣಬಹುದು. ೨೦೨೩ನೆಯ ಇಸವಿ ಜೂನ್ ೪ರಂದು ಒಂದು ಸಂಸ್ಥೆಯ ಸಣ್ಣ ಅನುದಾನದಲ್ಲಿ ಗ್ಲೌಸು, ಗೋಣಿಚೀಲ, ಸಿಕ್ಕ ಕಸದ ಲೆಕ್ಕ ಬರೆಯುವ ನಮೂನೆಯ ಪುಸ್ತಕ ಬಂದಂದಿನಿಂದ ಕೆರೆ ಶುಚಿಮಾಡುವ ಏಳೆಂಟು ಸ್ವಯಂಸೇವಕರಿಗೆ ಅವನೇ ಮುಂದಾಳು. ನಮೂನೆಯಲ್ಲಿ ‘ಕಸದ ಮೂಲ’ ಎಂಬ ಅಂಕಣವಿದೆ. ಮನೆ, ಅಂಗಡಿ, ಸಂತೆ ಎಂದು ತುಂಬಬೇಕಾದಲ್ಲಿ ಅವನು ಎಸೆದವರ ಹೆಸರನ್ನೇ ಬರೆಸುತ್ತಾನೆ. ಚಪ್ಪಲಿಯ ಹೊಲಿಗೆ ನೋಡಿ, “ರಾಮಾಂಜನೇಯಂದು ಕಣಮ್ಮ, ಬರ್ಕೊ” ಎನ್ನುತ್ತಾನೆ. ಒಡಕು ಬಿಂದಿಗೆ ಎತ್ತಿ, “ಇದು ಜುಂಜಮ್ಮಂದು” ಎನ್ನುತ್ತಾನೆ. ಏರಿಯ ಮೇಲೆ ಹೋಗುವ ಜುಂಜಮ್ಮ, “ಊರ ಮಾನನೆಲ್ಲ ಬುಕ್ಕಿಗೆ ಏರಿಸ್ಬುಟ್ಟೆಯಲ್ಲಣ್ಣ!” ಎಂದು ಕೂಗಿದರೆ, “ಎಸೆಯೋವಾಗ ಎಲ್ಲೋಗಿತ್ತು ಆ ಮಾನ?” ಎಂದು ತಲೆಯೆತ್ತದೆ ಕೇಳುತ್ತಾನೆ. ಬರೆದುಕೊಳ್ಳುವವಳು ಸಂಸ್ಥೆಯ ಸ್ನೇಹಲತಾ; ಒಂದು ಸಾಲನ್ನೂ ಖಾಲಿ ಬಿಡಲು ಅವನು ಅವಳಿಗೆ ಅವಕಾಶ ಕೊಟ್ಟವನಲ್ಲ. ೨೦೨೪ನೆಯ ಇಸವಿ ಮೇ ೧೨ರಂದು ಮಾತ್ರ, ಅಂಚಿಗೆ ಕೆಂಪು ದಾರ ಹೊಲಿದ ಕರಿಕಂಬಳಿಯೊಂದು ಕೆಸರಿನಿಂದ ಎದ್ದುಬಂದಾಗ, “ಇದ್ಯಾರ್ದು ತಾತ?” ಎಂದು ಅವಳು ಕೇಳಿದರೆ ಅವನು ಆ ದಾರದ ಕೆಸರನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದ. ಸತ್ತವರ ಹಾಸುಹೊದಿಕೆಯನ್ನು ಕೆರೆಗೆ ಬಿಡುವುದು ನಮ್ಮೂರ ವಾಡಿಕೆ. ೨೦೧೯ನೆಯ ಇಸವಿ ನವೆಂಬರ್ ೧೧ರಂದು, ಹೆಂಡತಿ ಈರಕ್ಕನ ತಿಥಿಯ ದಿನ, ಅವನೇ ಆ ಕಂಬಳಿಯನ್ನು ನೀರಿಗೆ ಬಿಟ್ಟುದನ್ನು ನಾನು ಏರಿಯ ಮೇಲೆ ನಿಂತು ನೋಡಿದ್ದೆ. “ಗೊತ್ತಾಗ್ತಿಲ್ಲ ಕಣಮ್ಮ” ಎಂದು ಕ್ಯಾತಪ್ಪ ಅದನ್ನು ಹಿಂಡಿದ, ಮಡಿಸಿದ, ಗೋಣಿಚೀಲಕ್ಕೆ ತುಂಬದೆ ತನ್ನ ಹೆಗಲಿಗೆ ಹಾಕಿಕೊಂಡ; “ಮುಂದಿಂದು ಬರ್ಕೊ” ಎಂದ.