ಚಕ್ರದ ಮೇಜುಗಳ ನಡುವೆ ಒಂದು ದಾರಿ

ಬೆಳಕು ಹರಿಯುವ ಹೊತ್ತಿಗೇ ಗಣಿತದ ಟೀಚರ್ ಆರನೇ ತರಗತಿಯ ಕೋಣೆಯಲ್ಲಿ ಸೊಂಟ ಬಗ್ಗಿಸಿ ಮೇಜು ತಳ್ಳುತ್ತಿದ್ದಾರೆ. ಹಿಂದಿನ ಸಂಜೆ ನಾಟಕದ ಅಭ್ಯಾಸಕ್ಕೆಂದು ಯಾರೋ ಎಲ್ಲವನ್ನೂ ಗೋಡೆಗೆ ಒತ್ತರಿಸಿ ಹೋಗಿದ್ದಾರೆ. ಬಾಗಿಲಿನಿಂದ ಕಿಟಕಿಯವರೆಗಿನ ಗೋಡೆಯಂಚು ಖಾಲಿಯಾದ ಮೇಲೆಯೇ ಅವರು ಬೆವರು ಒರೆಸಿಕೊಂಡು ಕೂರುವುದು.

"ಮನೇಲಿ ಒಂದು ಕುರ್ಚಿ ಸರಿಸು ಅಂದ್ರೆ ಬೆನ್ನುನೋವು ಅಂತೀನಿ. ನಮ್ಮ ಯಜಮಾನ್ರು ಇದನ್ನ ನೋಡಿದ್ರೆ ನನ್ನ ಕಥೆ ಮುಗೀತು" ಎಂದು ನಗುತ್ತಾರೆ.

ಆ ಅಂಚು, ಕಣ್ಣು ಕಾಣದ ಒಬ್ಬ ಹುಡುಗಿಯ ದಾರಿ. ಈ ವರ್ಷದ ಆರಂಭದಲ್ಲಿ ಶಾಲೆ ಸಾಲುಬೆಂಚುಗಳನ್ನು ತೆಗೆದು ಚಕ್ರದ ಮೇಜುಗಳನ್ನು ತರಿಸಿತು. ಒಂದೊಂದು ಪಾಠಕ್ಕೆ ಒಂದೊಂದು ಜೋಡಣೆ. ಮಕ್ಕಳು ಕುಣಿದಾಡಿದರು. ಆಗಲೇ ಈ ಹುಡುಗಿಯೂ ಸೇರಿದಳು. ಶಿಕ್ಷಕರ ಕೋಣೆಯಲ್ಲಿ ಅಭಿಪ್ರಾಯ ಎರಡಾಯಿತು. "ಬರಲಿ ಬಿಡಿ, ಕಲೀತಾಳೆ" ಎಂದರು ಭಾಷೆಯ ಟೀಚರ್. "ಒಬ್ಬಳನ್ನ ನೋಡ್ಕೊಳ್ಳೋಕೆ ಹೋಗಿ ಉಳಿದವರ ಪಾಠ ಹಿಂದೆ ಬೀಳುತ್ತೆ. ನಮಗೆ ತರಬೇತಿನೂ ಇಲ್ಲ" ಎಂದರು ವಿಜ್ಞಾನದ ಮೇಷ್ಟ್ರು. "ನನಗೂ ಹಾಗೇ ಅನ್ನಿಸಿತ್ತು. ತರಬೇತಿ ಇಲ್ಲ ಅನ್ನೋದು ನಿಜಾನೇ" ಎನ್ನುತ್ತಾರೆ ಗಣಿತದ ಟೀಚರ್.

ಮೊದಮೊದಲು ಹುಡುಗಿಯಿಂದ ಯಾರಿಗೂ ತೊಂದರೆಯಾಗಲಿಲ್ಲ. ಕೂರಿಸಿದಲ್ಲೇ ಕೂತಿರುತ್ತಿದ್ದಳು. ಎಷ್ಟು ಶಾಂತ ಮಗು ಎಂದು ಎಲ್ಲರೂ ಮೆಚ್ಚಿಕೊಂಡರು. ಒಂದು ದಿನ ಅವಳ ಅಮ್ಮ ಬಂದು, ನೀರಿನ ಬಾಟಲಿ ದಿನವೂ ತುಂಬಿದ ಹಾಗೆಯೇ ಮನೆಗೆ ಬರುತ್ತಿದೆ ಎಂದರು. ಗಣಿತದ ಟೀಚರ್ ಕೇಳಿದಾಗ ಹುಡುಗಿ ಹೇಳಿದ್ದಿಷ್ಟು: "ನೀರು ಕುಡಿದ್ರೆ ಹೊರಗೆ ಹೋಗ್ಬೇಕಾಗುತ್ತೆ ಮಿಸ್. ವಾಪಸ್ ಬರೋಷ್ಟರಲ್ಲಿ ಮೇಜು ಬೇರೆ ಕಡೆ ಇರುತ್ತೆ."

ಇನ್ನು ಮೇಜುಗಳನ್ನು ಸರಿಸುವುದೇ ಬೇಡ ಎಂದು ಟೀಚರ್ ಪಟ್ಟು ಹಿಡಿದರು. ಮರುದಿನ ಮೇಷ್ಟ್ರ ಜೊತೆ ಜಟಾಪಟಿ. ಮೇಜುಗಳನ್ನು ಕದಲದಂತೆ ಮಾಡಿದರೆ ಉಳಿದ ಮಕ್ಕಳ ಗತಿಯೇನು ಎಂಬ ಅವರ ಮಾತಿನಲ್ಲೂ ಹುರುಳಿತ್ತು. ವಾದ ಮಾಡಿ ಮಾಡಿ ಕೊನೆಗೆ ಇಬ್ಬರೂ ಒಂದಕ್ಕೆ ಒಪ್ಪಿದರು: ಮೇಜು ಎಲ್ಲಿಗಾದರೂ ಹೋಗಲಿ, ಗೋಡೆಯಂಚು ಮಾತ್ರ ಅವಳದು, ಸರಿಸಿದವರು ಬಾಯಿಬಿಟ್ಟು ಹೇಳಬೇಕು. "ನಿನ್ನ ಎಡಗಡೆ ಮೇಜು ಬಂತು ಕಣೇ" ಎಂಬ ಕೂಗು ಈಗ ಅಲ್ಲಿ ಮಾಮೂಲು. ಮೇಷ್ಟ್ರು ಇಂದಿಗೂ ತರಬೇತಿ ಕೊಡಿ ಎಂದು ಗೊಣಗುತ್ತಾರೆ. ಗೊಣಗುತ್ತಲೇ ದಾರಿಗೆ ಅಡ್ಡ ಬಿದ್ದ ಚೀಲ ಎತ್ತಿಡುತ್ತಾರೆ.

"ಎಲ್ಲಾ ಸರಿಹೋಯ್ತು ಅಂತಲ್ಲ. ರೇಖಾಗಣಿತ ಬಂದ್ರೆ ನನಗಿನ್ನೂ ಕೈಕಾಲೇ ಆಡಲ್ಲ. ಗೆರೆಗಳು ಉಬ್ಬಿರೋ ಪುಸ್ತಕ ಒಂದು ಸಿಕ್ಕಿದ್ರೆ ಸಾಕು" ಎನ್ನುತ್ತಾರೆ ಟೀಚರ್.

ಮಕ್ಕಳ ಸದ್ದು ಕೇಳಿ ಏಳುವಾಗ ಇನ್ನೊಂದು ಮಾತು ಸೇರಿಸುತ್ತಾರೆ. "ಮೊನ್ನೆ ನನ್ನ ಕ್ಲಾಸಲ್ಲಿ ಅವಳು ತಾನೇ ಮೇಜು ತಳ್ಕೊಂಡು ಹೋಗಿ ಗೆಳತಿ ಪಕ್ಕ ಕೂತ್ಲು. ಒಂದೇ ಸಮ ಹರಟೆ. ಚೆನ್ನಾಗಿ ಬೈದೆ. ಎಲ್ಲರಿಗೂ ಬೈತೀನಲ್ಲ, ಹಾಗೇ."