ಗುರುಬಸಮ್ಮನವರು ಟ್ರ್ಯಾಕ್ಟರಿಗೆ ಹಾಕಿದ ಬ್ಯಾಗುಗಳು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುವ ಗುರುಬಸಮ್ಮನವರನ್ನು ನಮ್ಮ ನಡಿಗೆ ಬಳಗಕ್ಕೆ ಸೇರಿಸಿದವನು ನಾನೇ. ಆದ್ದರಿಂದ ಬ್ಯಾಗುಗಳು ಕಾಣೆಯಾದ ದಿನ ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡಿದ್ದರಲ್ಲಿ ತಪ್ಪಿಲ್ಲ.

ನಾವು ಆರು ಜನ. ಬಳ್ಳಾರಿಯಿಂದ ಕುರುಗೋಡು, ಸಿರುಗುಪ್ಪ ದಾಟಿ ರಾರಾವಿಯ ಹೊಳೆಯವರೆಗೆ ನಾಲ್ಕು ದಿನದ ನಡಿಗೆ. ಅಡುಗೆ ಸಾಮಾನು, ಡೇರೆ, ಹಾಸಿಗೆ ಎಲ್ಲ ಬೆನ್ನ ಮೇಲೆ. ಗುರುಬಸಮ್ಮನವರಿಗೆ ಅರವತ್ತೊಂದು. ಹತ್ತು ಸಲ ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದವರು. ಹನ್ನೊಂದನೆಯ ಸಲ, ಹೋದ ವರ್ಷ, ಮಂಡಿ ಹಿಡಿದುಕೊಂಡು ಅರ್ಧ ದಾರಿಯಲ್ಲಿ ಜೀಪು ಹತ್ತಿದರು.

"ಇದೊಂದು ನಡಿಗಿ ಗಾಡಿ ಹತ್ತದಂಗ ಮುಗಿಸಿದ್ರ ಈ ಯುಗಾದಿಗೆ ಮತ್ತ ಶ್ರೀಶೈಲಕ್ಕ ಹೊಂಟೆ. ಇಲ್ಲಂದ್ರ ಮಲ್ಲಯ್ಯನ ದಾರಿ ಇನ್ನ ತುಳಿಯಂಗಿಲ್ಲ," ಎಂದು ನನಗೊಬ್ಬನಿಗೇ ಹೇಳಿದ್ದರು. ಯಾರಿಗೂ ಹೇಳಬೇಡ ಎಂದು ಮಾತನ್ನೂ ತೆಗೆದುಕೊಂಡಿದ್ದರು.

ಎರಡನೆಯ ದಿನ ಕುರುಗೋಡು ಬಿಟ್ಟು ಎರಡು ತಾಸು ನಡೆದ ಮೇಲೆ ದಾರಿಬದಿಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಲು ಕೂತೆವು. ಬ್ಯಾಗುಗಳು ಹೊರಗೆ ಬೇವಿನ ಮರದ ಕೆಳಗಿದ್ದವು. ತಿಂದು ಬಂದು ನೋಡಿದರೆ ಒಂದೂ ಇಲ್ಲ. ಗುರುಬಸಮ್ಮನವರು ಮಾತ್ರ ಸೆರಗು ಸಿಕ್ಕಿಸಿಕೊಂಡು ಹೊರಡಲು ತಯಾರಾಗಿ ನಿಂತಿದ್ದರು.

"ಎಲ್ಲಾನೂ ಟ್ರ್ಯಾಕ್ಟರಿಗೆ ಹಾಕೀನಿ. ಮುಂದಿನ ಊರಿನ ಗುಡಿಯಾಗ ಇಳಿಸ್ತಾನ."

"ಯಾರವನು? ಹೆಸರೇನು?" ಎಂದರು ಶಾಂಭವಿ. ಕಾಲೇಜಿನಲ್ಲಿ ಪಾಠ ಹೇಳುವ ಅವರೇ ನಮ್ಮ ಮುಂದಾಳು.

"ಹೆಸರು ಯಾರು ಕೇಳ್ತಾರ? ಪಾದಯಾತ್ರಿಯಾಗ ಗಂಟು ಯಾವಾಗ್ಲೂ ಟ್ರ್ಯಾಕ್ಟರಿಗೇ. ನಿನ್ನಿ ಟ್ರ್ಯಾಕ್ಟರ್ ಸಿಗಲಿಲ್ಲಂತ ಹೊತ್ತೀವಿ ಅಂದ್ಕೊಂಡಿದ್ದೆ."

ಶಾಂಭವಿ ಹಣೆ ಚಚ್ಚಿಕೊಂಡರು. ಹೊತ್ತು ನಡೆಯುವುದೇ ನಮ್ಮ ನಿಯಮ ಎಂದು ಬಿಡಿಸಿ ಹೇಳಿದರು. ಗುರುಬಸಮ್ಮನವರಿಗೆ ತಲೆಬುಡ ತಿಳಿಯಲಿಲ್ಲ.

"ಹರಕಿ ಇಲ್ಲ, ದೇವ್ರಿಲ್ಲ. ಮತ್ತ ಹೊರೋದು ಯಾಕವ್ವಾ?"

ಶಾಂಭವಿ ಕೈಗಡಿಯಾರ ನೋಡಿಕೊಂಡರು.

"ಡ್ರೈವರ್ ಮುಖ ನೋಡಿದೋರು ನೀವೊಬ್ರೇ. ಬಸ್ ಹತ್ತಿ ಹೋಗಿ ಹಿಡೀರಿ," ಎಂದರು ಶಾಂಭವಿ.

"ಬಸ್ ಹತ್ತಂಗಿಲ್ಲ."

"ತಪ್ಪು ಮಾಡಿದೋರು ನೀವು."

"ಹೌದವ್ವ. ಆದ್ರೂ ಹತ್ತಂಗಿಲ್ಲ."

ಎಂಥ ಹಟಮಾರಿ ಮುದುಕಿ ಎಂದು ಹಿಂದಿನಿಂದ ಯಾರೋ ಗೊಣಗಿದರು. ನಾನು ಬಾಯಿ ಬಿಡಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ನನ್ನ ಮೇಲೇ ಸಿಟ್ಟಾದೆ. ಬಸ್ಸು ಬಂತು, ಹೋಯಿತು. ಎಲ್ಲರೂ ನಡೆದೇ ಹೊರಟೆವು.

ಬಿಸಿಲೇರಿದಂತೆ ಗುರುಬಸಮ್ಮನವರ ಎಡಗಾಲು ಎಳೆಯತೊಡಗಿತು. ಬೈಕಿನವನೊಬ್ಬ ಕನಿಕರಪಟ್ಟು ನಿಲ್ಲಿಸಿದ, ಕೈಮುಗಿದು ಕಳಿಸಿದರು. ಇತ್ತ ಬೆನ್ನು ಹಗುರಾಗಿ ನಮಗೆಲ್ಲ ಹಾಯೆನಿಸುತ್ತಿತ್ತು. ಬೈಯುತ್ತಲೇ ಅದನ್ನು ಒಪ್ಪಿಕೊಳ್ಳುವುದು ಹೇಗೆ?

ಮುಂದಿನ ಊರಿನ ಗುಡಿಕಟ್ಟೆಯ ಮೇಲೆ ಆರೂ ಬ್ಯಾಗು ಸಾಲಾಗಿದ್ದವು. ಪಕ್ಕದಲ್ಲಿ ಚಾಪೆ, ರೊಟ್ಟಿ, ಪುಂಡಿಪಲ್ಯ, ಒಂದು ಕೊಡ ಬಿಸಿನೀರು. ಟ್ರ್ಯಾಕ್ಟರಿನವನ ತಾಯಿ ಚನ್ನವೀರಮ್ಮ, ನಾವು ಶ್ರೀಶೈಲಕ್ಕೆ ಹೊರಟವರೆಂದೇ ತಿಳಿದು, ಕಾಲು ತೊಳೆಯಲು ಕೂತಿದ್ದರು. ನಾವು ಮುಖ ಮುಖ ನೋಡಿಕೊಂಡೆವು. ಅಲ್ಲ ಎನ್ನಬೇಕೋ, ಕಾಲು ಚಾಚಬೇಕೋ? ಶಾಂಭವಿ ಶೂ ಬಿಚ್ಚಿದರು.

ತಮ್ಮ ಸರದಿ ಬಂದಾಗ ಗುರುಬಸಮ್ಮನವರು ಕಾಲು ಹಿಂದೆಳೆದುಕೊಂಡರು. ಕಣ್ಣು ತುಂಬಿತ್ತು.

"ನನ್ನ ಕಾಲು ಮುಟ್ಟಬ್ಯಾಡ್ರಿ. ಹೋದ ವರ್ಷ ಮಲ್ಲಯ್ಯನ ದಾರ್ಯಾಗ ಜೀಪು ಹತ್ತಿದಾಕಿ ನಾನು."

ಶಾಂಭವಿ ನನ್ನತ್ತ ತಿರುಗಿದರು. ನಾನು ತಲೆ ತಗ್ಗಿಸಿದೆ.

ಚನ್ನವೀರಮ್ಮ ಕೈಯಲ್ಲಿದ್ದ ಚೊಂಬು ಕೆಳಗಿಡಲಿಲ್ಲ. "ಇವತ್ತು ಇಲ್ಲೀತನಕ ಹೆಂಗ ಬಂದ್ರಿ?"

"ನಡಕೊಂತ."

"ಹಂಗಾರ ಕೊಡ್ರಿ ಕಾಲು."